ಒಂದು ‘ಬಿಡ್ಲೇ’ಯಿಂದ ಬಂದ ಗೋಲು

ಗೆಳೆಯರೇ, ಇವತ್ತು ಫುಟ್‌ಬಾಲಿನಲ್ಲಿ ಆಳಂದದವರನ್ನು ಒಂದು ಗೋಲಿನಿಂದ ಸೋಲಿಸಿದೆವೆಂದು ಕುಣಿಯುತ್ತಿರುವವರು, ಹಾಸ್ಟೆಲಿನ ಗೋಡೆಗೆ ನಾನು ಅಂಟಿಸಿರುವ ಈ ಹಾಳೆಯನ್ನು ಓದಿಯಾದರೂ ಸುಮ್ಮನೆ ಕೂತುಕೊಳ್ಳಿ. ಆ ಗೋಲು ಹೊಡೆದದ್ದು ನನ್ನ ಕಾಲಲ್ಲ, ಬಾಯಿ.

ಆಟ ಮುಗಿಯಲು ಐದು ನಿಮಿಷವಿತ್ತು. ಚೆಂಡು ಅವರ ಗೋಲಿನ ಕಡೆ ಮೆಲ್ಲಗೆ ಉರುಳುತ್ತಿತ್ತು. ನಾನೂ ನಮ್ಮ ಶರಣಪ್ಪನೂ ಒಟ್ಟಿಗೇ ಅದರ ಹಿಂದೆ ಓಡಿದೆವು. ಡಿಕ್ಕಿಯಾದೀತೆಂದು ನಾನು ಅವನಿಗೆ “ಬಿಡ್ಲೇ!” ಎಂದು ಕೂಗಿದೆ. ಶರಣಪ್ಪ ಬಿಡಲಿಲ್ಲ. ಬಿಟ್ಟವನು ಆಳಂದದ ಬ್ಯಾಕ್ ಆಟಗಾರ! ತನ್ನ ಗೋಲ್‌ಕೀಪರನೇ ಕೂಗಿದನೆಂದುಕೊಂಡು, ಒದೆಯಲು ಎತ್ತಿದ ಕಾಲನ್ನು ಇಳಿಸಿದ. ಇವನು ಒದೆಯುತ್ತಾನೆಂದು ಕೀಪರನೂ ನಿಂತೇ ಇದ್ದ. ನಾವಿಬ್ಬರೂ ಮುಟ್ಟುವ ಮೊದಲೇ ಚೆಂಡು ತಾನಾಗಿಯೇ ಒಳಗೆ ಹೋಯಿತು.

“ಬಿಡು ಅಂತ ಯಾಕಂದೀಲೇ?”

“ನಾ ಎಲ್ಲಿ ಅಂದೇನಿಲೇ?”

ಆ ಬ್ಯಾಕ್ ಆಟಗಾರನಿಗೂ ಕೀಪರನಿಗೂ ಈ ಜಗಳ ಇನ್ನೂ ನಡೆದಿರಬೇಕು.

ನಮ್ಮ ಪಿ.ಟಿ. ಮಾಸ್ತರರು ಹಾರ ಹಾಕಿಸಿಕೊಳ್ಳಲಿಲ್ಲ. “ಇದಕ್ಕ ಗೆಲುವು ಅನ್ನಾಕ ನನ್ನ ನಾಲಿಗಿ ಹೊಳ್ಳವಲ್ದು. ಒಂದರ ಪಾಸ್ ನೆಟ್ಟಗ ಕೊಟ್ರ್ಯಾ?” ಎಂದರು.

ಕ್ಯಾಪ್ಟನ್ ನಾನೇ. ತಲೆ ತಗ್ಗಿಸಲಿಲ್ಲ. “ನಾಳಿಂದ ಮುಂಜಾನಿ ಐದಕ್ಕ ಮೈದಾನದಾಗ ಇರ್ತೇವ್ರಿ ಸರ್. ರವಿವಾರ ಅಫಜಲಪುರದವರ ಮ್ಯಾಲ ಕಾಲಿನಿಂದನ ಗೋಲ್ ಹೊಡಿತೇವಿ,” ಎಂದೆ. ಹೇಳಿದ ಮೇಲೆ ಮುಗಿಯಿತು. ಎಲ್ಲರೂ ಬರಲೇಬೇಕು.

ಬಸ್ಸಿನತ್ತ ಹೊರಟಾಗ ಮಾಸ್ತರರು ಹಿಂದಿನಿಂದ ಕೂಗಿದರು: “ನಾಳಿಂದ ಹೆಸರು ಹಿಡದ ಕರೀರಿ! ಮೈದಾನದಾಗ ಯಾರೂ ‘ಲೇ’ ಅನ್ನಂಗಿಲ್ಲ! ತಿಳೀತೇನ್ರಲೇ?”

ನಾವು ಹನ್ನೊಂದೂ ಮಂದಿ ತಿರುಗಿ ನೋಡಿದೆವು. ಪಕ್ಕದಲ್ಲಿ ಹೊರಟಿದ್ದ ಆಳಂದದವರೂ ನೋಡಿದರು.