ಟಯರ್ ಮಾಮ ಹಾಕಿದ ಕೆಂಪು ಗುರುತು

ಅವರ ಎಡಗಿವಿಯ ಸುತ್ತ ಸದಾ ಒಂದು ಕಪ್ಪು ಕಲೆ ಇರುತ್ತಿತ್ತು. ಗಾಡಿಯ ಚಕ್ರ ಬಿಚ್ಚಿ ನಿಲ್ಲಿಸಿ, ಅದಕ್ಕೆ ಕಿವಿ ಒತ್ತಿ, ಕಣ್ಣು ಮುಚ್ಚಿ ಕುಳಿತುಬಿಡುತ್ತಿದ್ದರು. ಸೋಪಿನ ನೀರು ಹಚ್ಚಿ ಗುಳ್ಳೆ ಏಳುವುದನ್ನು ನೋಡುವ ಮೊದಲೇ ಗಾಳಿ ಎಲ್ಲಿಂದ ಹೋಗುತ್ತಿದೆ ಎಂದು ಅವರಿಗೆ ಗೊತ್ತಾಗುತ್ತಿತ್ತು. ರಬ್ಬರಿನ ಕಪ್ಪು ಕಿವಿಯಿಂದ ಕೆನ್ನೆಗೆ, ಕೆನ್ನೆಯಿಂದ ಶರ್ಟಿನ ಕಾಲರಿಗೆ ಇಳಿಯುತ್ತಿತ್ತು. ಬಿಳಿ ಪಂಚೆ ಉಟ್ಟು ಮದುವೆ ಊಟಕ್ಕೆ ಬಂದಾಗಲೂ ಆ ಕಲೆ ಪೂರ್ತಿ ಹೋಗಿರುತ್ತಿರಲಿಲ್ಲ.

ಬಂದರಿನ ಗೋದಾಮುಗಳ ನಡುವೆ, ಮೀನಿನ ಲಾರಿಗಳು ತಿರುಗುವ ಮೂಲೆಯಲ್ಲಿ ಅವರ ಅಂಗಡಿ. ನನ್ನ ಅಪ್ಪ ಅದೇ ಬೀದಿಯಲ್ಲಿ ಸಾಮಾನು ಸಾಗಿಸುವ ಟೆಂಪೊ ಓಡಿಸುತ್ತಿದ್ದರು. ಇಬ್ಬರೂ ಹುಡುಗಾಟದ ವಯಸ್ಸಿನಿಂದ ಗೆಳೆಯರು. ನಾನು ಮಾತು ಕಲಿತಾಗಿನಿಂದ ಅವರನ್ನು ಟಯರ್ ಮಾಮ ಎಂದೇ ಕರೆದದ್ದು. ಮನೆಯಲ್ಲಿ ನಾವೆಲ್ಲ ತುಳು ಮಾತಾಡುವವರು. ಆದರೆ ಅಂಗಡಿಯೊಳಗೆ ಕಾಲಿಟ್ಟರೆ ಮಾಮ ನನ್ನೊಡನೆಯೂ ಕನ್ನಡದಲ್ಲೇ ಮಾತು. ಕಾರಣ ಕೇಳಿದ್ದಕ್ಕೆ, ಹೊರಗಿನ ಊರಿನ ಗಿರಾಕಿ ಇರ್ತಾರೆ ಮಗಾ, ಇವರು ಎಂತದೋ ಗುಟ್ಟು ಮಾತಾಡ್ತಾರೆ ಅಂತ ಅವರಿಗೆ ಅನಿಸಬಾರದು ಎಂದಿದ್ದರು. ಅಂಥ ಮನುಷ್ಯ ಎಂದು ನಾನು ಹೆಮ್ಮೆಪಟ್ಟಿದ್ದೆ.

ಅಪ್ಪ ತೀರಿಕೊಂಡ ದಿನ ಆಸ್ಪತ್ರೆಯ ಹಿಂಬಾಗಿಲಿಗೆ ಆಂಬುಲೆನ್ಸ್ ಬಂದು ನಿಂತಿತ್ತು. ಎಲ್ಲರೂ ಅಳುತ್ತಿದ್ದಾಗ ಮಾಮ ಮಾತ್ರ ಕುಕ್ಕರಗಾಲಿನಲ್ಲಿ ಕುಳಿತು ಅದರ ನಾಲ್ಕೂ ಟಯರುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಹಿಂದಿನದೊಂದು ಸವೆದು ನುಣ್ಣಗಾಗಿತ್ತು. ಬೇರೆ ಗಾಡಿ ತರಿಸಿ ಎಂದು ಹಟ ಹಿಡಿದರು. ಅಪ್ಪ ಅರ್ಧ ಗಂಟೆ ತಡವಾಗಿ ಮನೆಗೆ ಬಂದರು. ನನಗೆ ಆಗ ಹತ್ತೊಂಬತ್ತು. ಆಮೇಲೆ ನನ್ನ ಮೊದಲ ಸ್ಕೂಟರ್, ಎರಡನೆಯ ಸ್ಕೂಟರ್, ಹಳೆಯ ಕಾರು, ಎಲ್ಲದರ ಚಕ್ರವೂ ಅವರ ಕೈಯಲ್ಲೇ. ಹೊಸ ಬ್ರೇಕಿನ ಬಗ್ಗೆ ನಾನು ಹೊಗಳಿಕೊಂಡರೆ ನಗುತ್ತಿದ್ದರು. "ಬ್ರೇಕ್ ನಿಲ್ಲಿಸುವುದು ಚಕ್ರವನ್ನು ಮಾತ್ರ. ಗಾಡಿಯನ್ನು ನಿಲ್ಲಿಸುವುದು ಟಯರು" ಎನ್ನುತ್ತಿದ್ದರು.

ಅತ್ತಾವರದ ಆಸ್ಪತ್ರೆಯೊಂದರಲ್ಲಿ ನಾನು ಫಿಸಿಯೋಥೆರಪಿಸ್ಟ್. ಮೂರು ವರ್ಷದ ಹಿಂದೆ ಕರೆಂಟಿನ ಕಾರು ತೆಗೆದುಕೊಂಡು ಮೊದಲು ಅವರಿಗೇ ತೋರಿಸಲು ಹೋದೆ. ಅವರು ಕಾರಿನ ಸುತ್ತ ಬಂದು, ಬಾಗಿ, ಚಕ್ರದ ಬಳಿಯೇ ನಿಂತರು. "ಇಷ್ಟು ದೊಡ್ಡ ರಿಮ್ಮು ಎಂತಕ್ಕೆ ಮಾರಾಯ್ತಿ?" ಎಂದರು. ಬ್ಯಾಟರಿಯಿಂದಾಗಿ ಗಾಡಿ ಮೊದಲೇ ಭಾರ. ರಿಮ್ಮು ದೊಡ್ಡದಾದಷ್ಟೂ ಅದರ ಸುತ್ತಲಿನ ರಬ್ಬರು ತೆಳ್ಳಗೆ. ಗುಂಡಿಗೆ ಬಿದ್ದರೆ ಪೆಟ್ಟು ತಿನ್ನಲು ನಡುವೆ ಏನೂ ಇಲ್ಲ, ನೇರ ರಿಮ್ಮಿನ ಅಲಾಯಿ ಲೋಹಕ್ಕೇ ತಾಗುತ್ತದೆ ಎಂದು ವಿವರಿಸಿದರು. ಚಂದ ಕಾಣುತ್ತದೆ ಮಾಮ ಎಂದೆ. ಚಂದ ಉಂಟು, ಇಲ್ಲ ಅನ್ನುವುದಿಲ್ಲ ಎಂದರು.

ವರ್ಷ ತುಂಬುವುದರೊಳಗೆ ಅವರ ಮಾತು ನಿಜವಾಯಿತು. ಪೈಪು ಹಾಕಲು ಅಗೆದು, ಜಲ್ಲಿ ತುಂಬಿ ಬಿಟ್ಟಿದ್ದ ರಸ್ತೆಯಲ್ಲಿ ಮುಂದಿನ ಎಡಚಕ್ರ ದಡ್ಡೆಂದು ಇಳಿಯಿತು. ಅಂದಿನಿಂದ ಎರಡು ದಿನಕ್ಕೊಮ್ಮೆ ಗಾಳಿ ತುಂಬಿಸಬೇಕಾಯಿತು. ಮಾಮ ಚಕ್ರ ಬಿಚ್ಚಿ, ಕಿವಿ ಕೊಟ್ಟು ಕೇಳಿ, ಟಯರ್ ಕಳಚಿ ರಿಮ್ಮಿನ ಒಳಬದಿಯನ್ನು ತೋರಿಸಿದರು. ಕೂದಲಿನಷ್ಟು ಸಣ್ಣ ಬಿರುಕು. ಹೊರಗಿನಿಂದ ನೋಡಿದರೆ, ಆಸ್ಪತ್ರೆಯ ನೆಲಮಾಳಿಗೆಯ ಕಂಬಕ್ಕೆ ನಾನೇ ಒಮ್ಮೆ ಉಜ್ಜಿಸಿಕೊಂಡಿದ್ದ ಒಂದು ಆಳವಾದ ಗೀರು ಬಿಟ್ಟರೆ ಏನೂ ಇಲ್ಲ.

ವೆಲ್ಡಿಂಗ್ ಮಾಡಿಕೊಡಿ ಎಂದು ಕೇಳಿದೆ. ಅವರ ಮುಖ ಗಂಟಾಯಿತು.

"ಬೇರೆಯವರು ಮಾಡಿಕೊಡ್ತಾರೆ. ಒಡೆದ ಅಲಾಯಿಗೆ ಬೆಂಕಿ ಕೊಟ್ಟರೆ ಪಕ್ಕದ ಜಾಗ ಮೆತ್ತಗಾಗ್ತದೆ ಮಗಾ. ಇಷ್ಟು ಭಾರದ ಗಾಡಿಯಲ್ಲಿ ಅದು ಎಷ್ಟು ದಿನ ತಡೀತದೆ ಅಂತ ದೇವರಿಗೂ ಗೊತ್ತಿಲ್ಲ. ನೀನು ಅದರಲ್ಲಿ ಕೂತು ಹೋಗುವುದನ್ನು ನಾನು ನೋಡ್ಲಿಕ್ಕಿಲ್ಲ."

ಹಾಗೆಂದವರೇ ಕೆಂಪು ಬಣ್ಣದ ಡಬ್ಬಿ ತಂದು, ಬಿರುಕಿನ ಮೇಲೆ ದೊಡ್ಡದಾಗಿ ಅಡ್ಡ ಗುರುತು ಹಾಕಿದರು. ಕೈತಪ್ಪಿ ಯಾರ ಗಾಡಿಗೂ ಹೋಗಬಾರದು, ಇನ್ನು ಇದು ಗುಜರಿಗೆ ಎಂದರು. ಆ ಅಳತೆಯ ಹೊಸ ರಿಮ್ಮು ಬರಲು ಹತ್ತಿರ ಹತ್ತಿರ ಎರಡು ತಿಂಗಳು ಹಿಡಿಯಿತು. ಆ ಕಾರಿಗೆ ಸ್ಟೆಪ್ನಿ ಇಲ್ಲ. ಅಷ್ಟೂ ದಿನ ಕಾರು ಅವರ ಅಂಗಡಿಯ ಹಿಂದೆ ಜಾಕಿನ ಮೇಲೆ ನಿಂತಿತ್ತು. ನಾನು ಬಸ್ಸಿನಲ್ಲಿ ಓಡಾಡಿದೆ. ತಡವಾಗುತ್ತದೆ ಎಂದು ಗೊಣಗಿದ ದಿನಗಳಲ್ಲಿ ಅವರೇ ತಮ್ಮ ಸ್ಕೂಟರಿನಲ್ಲಿ ಆಸ್ಪತ್ರೆಯ ಗೇಟಿನವರೆಗೆ ಬಿಟ್ಟು ಹೋಗುತ್ತಿದ್ದರು. ಕೈಗೆ ಬಂದ ಕೆಲಸವನ್ನು ಬೇಡ ಎಂದು ಹೇಳುವ ಇಂಥವರು ಈ ಊರಿನಲ್ಲಿ ಎಷ್ಟು ಜನ ಇದ್ದಾರೆ ಎಂದು ನಾನು ಡ್ಯೂಟಿ ರೂಮಿನಲ್ಲಿ ಕಂಡ ಕಂಡವರಿಗೆ ಹೇಳಿದೆ.

ಹಾಗೆ ಕೇಳಿಸಿಕೊಂಡವರಲ್ಲಿ ನಮ್ಮ ವಾರ್ಡಿನ ಸಿಸ್ಟರ್ ಒಬ್ಬರು. ಬಜಪೆಯಿಂದ ಬರುವವರು. ಗಂಡ ಗಲ್ಫಿನಲ್ಲಿ, ಮನೆಯಲ್ಲಿ ವಯಸ್ಸಾದ ತಾಯಿ. ನನ್ನ ಕಾರನ್ನು ನೋಡಿ ಅದೇ ಮಾದರಿಯದನ್ನು ಒಬ್ಬರ ಕೈಯಿಂದ ಕೊಂಡಿದ್ದರು. ಕೆಲವು ತಿಂಗಳಲ್ಲಿ ಅವರದ್ದೂ ಒಂದು ರಿಮ್ಮು ಬಿರಿಯಿತು. ಬೆಳಗ್ಗೆ ಏಳಕ್ಕೆ ಡ್ಯೂಟಿ, ತಾಯಿಯನ್ನು ವಾರಕ್ಕೊಮ್ಮೆ ಡಾಕ್ಟರರ ಬಳಿ ಕರೆದೊಯ್ಯಬೇಕು, ಎರಡು ತಿಂಗಳು ಕಾಯುವುದು ಹೇಗೆ ಎಂದು ಒದ್ದಾಡುತ್ತಿದ್ದರು. ನೇರ ಬಂದರಿಗೆ ಹೋಗಿ, ನನ್ನ ಹೆಸರು ಹೇಳಿ ಎಂದೆ.

ಎರಡೇ ದಿನದಲ್ಲಿ ನಗುತ್ತಾ ಬಂದರು. ನಿಮ್ಮ ಹೆಸರು ಹೇಳಿದ ಕೂಡಲೇ ಕುರ್ಚಿ ಹಾಕಿಸಿದರು ಮೇಡಂ, ಎಲ್ಲಿಂದಲೋ ರಿಮ್ಮು ತರಿಸಿ ಹಾಕಿದರು, ಹೊಸದರ ಹಾಗೆಯೇ ಉಂಟು ಎಂದರು. ನನಗೆ ಎರಡು ತಿಂಗಳು ಹಿಡಿದದ್ದು ಇವರಿಗೆ ಎರಡು ದಿನದಲ್ಲಿ ಹೇಗೆ ಸಿಕ್ಕಿತು ಎಂಬ ಪ್ರಶ್ನೆ ಒಂದು ಕ್ಷಣ ಮನಸ್ಸಿಗೆ ಬಂದದ್ದು ನಿಜ. ಯಾವುದೋ ಅಪಘಾತದ ಗಾಡಿಯದ್ದು ಸಿಕ್ಕಿರಬೇಕು ಎಂದುಕೊಂಡೆ. ಕೇಳಲಿಲ್ಲ. ಮಾಮನನ್ನು ಅಂಥ ಪ್ರಶ್ನೆ ಕೇಳುವ ಅಭ್ಯಾಸ ನನಗಿರಲಿಲ್ಲ.

ಮೂರು ತಿಂಗಳ ಬಳಿಕ ಒಂದು ಭಾನುವಾರ ಬೆಳಗ್ಗೆ ಸಿಸ್ಟರ್ ಫೋನ್ ಮಾಡಿದರು. ತಾಯಿಯೊಡನೆ ಬಜಪೆಯಿಂದ ಇಳಿದು ಬರುವಾಗ ಮರವೂರು ಸೇತುವೆಗೆ ಸ್ವಲ್ಪ ಮೊದಲು ಚಕ್ರ ಮುರಿದು, ಸ್ಟಿಯರಿಂಗ್ ಕೈಗೆ ಸಿಗದೆ ಕಾರು ಗುಡ್ಡದ ಬದಿಗೆ ನುಗ್ಗಿತ್ತು. ಇನ್ನೊಂದು ಬದಿಯಲ್ಲಿ ಕೆಳಗೆ ಹೊಳೆ. ನಾನು ತಲುಪುವಷ್ಟರಲ್ಲಿ ಅವರ ತಾಯಿಯನ್ನು ರಿಕ್ಷಾದಲ್ಲಿ ಆಸ್ಪತ್ರೆಗೆ ಕಳಿಸಿಯಾಗಿತ್ತು. ಆ ತಾಯಿಯ ಬಲಗೈಯ ಮಣಿಕಟ್ಟು ಮುರಿದಿತ್ತು.

ರಿಮ್ಮಿನ ಒಂದು ತುಂಡು ರಸ್ತೆಯ ಮೇಲೆ ಬಿದ್ದಿತ್ತು. ಎತ್ತಿಕೊಂಡೆ. ಒಳಬದಿಯ ಬೆಳ್ಳಿ ಬಣ್ಣ ಸಿಪ್ಪೆ ಎದ್ದು, ಅದರಡಿಯಲ್ಲಿ ಕೆಂಪು ಬಣ್ಣ ಕಾಣುತ್ತಿತ್ತು. ಆ ಕೆಂಪನ್ನು ಸೀಳಿಕೊಂಡು, ಅರೆದು ನುಣುಪು ಮಾಡಿದ ಬೆಸುಗೆಯ ಪಕ್ಕದಲ್ಲೇ ಲೋಹ ಮುರಿದಿತ್ತು. ಮಾಮ ಹೇಳಿದ್ದ ಅದೇ ಜಾಗದಲ್ಲಿ. ಆದರೂ ನಂಬಲು ಮನಸ್ಸಿಲ್ಲದೆ, ಕಾರಿನಲ್ಲಿ ಉಳಿದಿದ್ದ ಭಾಗದ ಹೊರಮೈಯನ್ನು ಬೆರಳಿನಿಂದ ತಡವಿದೆ. ಕಂಬಕ್ಕೆ ಉಜ್ಜಿದ್ದ ನನ್ನ ಗೀರು ಬಣ್ಣದಡಿಯಲ್ಲಿ ಹಾಗೆಯೇ ಸಿಕ್ಕಿತು.

ಅಲ್ಲಿಂದ ನೇರ ಬಂದರಿಗೆ ಹೋದೆ. ಭಾನುವಾರ ಮಧ್ಯಾಹ್ನದವರೆಗೆ ಅಂಗಡಿ ತೆರೆದಿರುತ್ತಿತ್ತು. ಅವರೊಬ್ಬರೇ ಇದ್ದರು. ತುಂಡನ್ನು ಮೇಜಿನ ಮೇಲಿಟ್ಟೆ.

"ಇದು ನನ್ನ ರಿಮ್ಮು ಅಲ್ವಾ ಮಾಮ?"

ಅವರು ಅದನ್ನು ಎತ್ತಿ, ಹೆಬ್ಬೆರಳಿನಿಂದ ಮುರಿದ ಅಂಚನ್ನು ಸವರಿದರು. ಇಲ್ಲ ಎನ್ನುತ್ತಾರೆ ಎಂದು ಕಾಯುತ್ತಿದ್ದೆ. ಒಂದು ಸುಳ್ಳು ಹೇಳಿದ್ದರೆ ಬಹುಶಃ ನಂಬಿಬಿಡುತ್ತಿದ್ದೆ.

"ಹೌದು" ಎಂದರು. ಆಮೇಲೆ, "ಅವರಿಗೆ ಎಂತ ಆಯ್ತು?"

ಹೇಳಿದೆ. ಅವರು ಕುಳಿತುಕೊಂಡರು. ಅಂದು ಮೊದಲ ಬಾರಿಗೆ ಅಂಗಡಿಯೊಳಗೆ ತುಳುವಿನಲ್ಲಿ ಮಾತಾಡಿದರು. ಆ ಸಿಸ್ಟರ್ ಅಳುವ ಹಾಗೆ ನಿಂತಿದ್ದರಂತೆ. ಕಾಯಲು ಆಗುವುದಿಲ್ಲ ಎಂದರಂತೆ. ನಾನು ಕೊಡದಿದ್ದರೆ ಇನ್ನೊಬ್ಬ ಇದಕ್ಕಿಂತ ಕೆಟ್ಟದಾಗಿ ಬೆಸೆದು ಕೊಡುತ್ತಿದ್ದ, ನನ್ನ ಬೆಸುಗೆ ಒಡೆದಿಲ್ಲ ನೋಡು, ಪಕ್ಕದ್ದು ಒಡೆದದ್ದು ಎಂದರು. ಬೆಸೆದದ್ದು ಎಂದು ಅವರಿಗೆ ಹೇಳಬಹುದಿತ್ತಲ್ಲ ಎಂದು ಕೇಳಿದೆ. ಹೇಳಿದರೆ ತೆಗೆದುಕೊಳ್ಳುತ್ತಿದ್ದರಾ ಎಂದು ನನ್ನನ್ನೇ ಕೇಳಿದರು.

ನನ್ನ ಹೆಸರು ಹೇಳಿಕೊಂಡು ಬಂದವರು ಅವರು, ಮಾಮ ಎಂದೆ. ನನ್ನ ಸ್ವರ ಏರಿತ್ತು.

ಆಗ ಅವರು ತಲೆಯೆತ್ತಿ ನೋಡಿದರು. ಅವರ ಕಣ್ಣಲ್ಲಿ ತಪ್ಪಿತಸ್ಥನ ಅಳುಕಿರಲಿಲ್ಲ, ನೋವಿತ್ತು.

"ನಿನಗೆ ಹಾಕಿದ್ದೇನಾ ನಾನು? ಒಂದು ದಿನ, ಒಂದೇ ಒಂದು ದಿನ ನಿನಗೆ ಅಂಥದ್ದು ಹಾಕಿದ್ದೇನಾ?"

ಇಲ್ಲ. ಹಾಕಿರಲಿಲ್ಲ. ಅದು ಅವರ ಪ್ರೀತಿಯ ಸಾಕ್ಷಿ. ಅದನ್ನು ನನ್ನ ಮುಂದಿಟ್ಟು, ಇನ್ನೇನು ಬೇಕು ನಿನಗೆ ಎನ್ನುವಂತೆ ನೋಡುತ್ತಿದ್ದರು. ನಾನು ಇಷ್ಟು ವರ್ಷ ಪ್ರಾಮಾಣಿಕತೆ ಎಂದುಕೊಂಡು ಊರೆಲ್ಲ ಹೊಗಳಿಕೊಂಡು ಬಂದದ್ದು ಕೇವಲ ನನ್ನೊಬ್ಬಳ ಮೇಲಿನ ಅಕ್ಕರೆಯಾಗಿತ್ತು. ಇಂಥವು ಇನ್ನೆಷ್ಟು ಗಾಡಿಗಳಲ್ಲಿ ಓಡುತ್ತಿವೆ ಎಂದು ಕೇಳಿದೆ. ಅವರ ಬೆನ್ನ ಹಿಂದಿನ ಗೋಡೆಯಲ್ಲಿ ಹೊಳೆಯುವ ರಿಮ್ಮುಗಳ ಸಾಲು ತೂಗುತ್ತಿತ್ತು. ಅವೆಲ್ಲ ಹೊಸವು ಎಂದು ನಾನು ತಿಳಿದಿದ್ದೆ.

ಸಂಜೆ ಆಸ್ಪತ್ರೆಯಲ್ಲಿ ಸಿಸ್ಟರ್‌ಗೆ ಎಲ್ಲವನ್ನೂ ಹೇಳಿದೆ. ತಾಯಿಯ ಕೈಗೆ ಪ್ಲಾಸ್ಟರ್ ಹಾಕಿಸಿ ಹೊರಗಿನ ಬೆಂಚಿನಲ್ಲಿ ಕುಳಿತಿದ್ದರು. ಅವರು ಬೈಯಲಿಲ್ಲ. ನೀವು ಹೇಳಿದಿರಿ ಅಂತ ಹೋದೆ ಮೇಡಂ, ಇಲ್ಲದಿದ್ದರೆ ನಾಲ್ಕು ಕಡೆ ವಿಚಾರಿಸ್ತಿದ್ದೆ ಎಂದಷ್ಟೇ ಹೇಳಿದರು. ಇನ್ಶೂರೆನ್ಸಿನ ಸರ್ವೇಯರ್ ಬಂದಾಗ ನಾನು ಕಂಡದ್ದನ್ನು, ಮಾಮ ಒಪ್ಪಿಕೊಂಡದ್ದನ್ನು ಬರೆದು ಸಹಿ ಹಾಕಿದೆ. ಆ ಕಾಗದ ಎಲ್ಲಿಗೆ ಹೋಯಿತೋ, ಅವರನ್ನು ಯಾರು ಏನು ಕೇಳಿದರೋ ನನಗೆ ತಿಳಿಯದು. ಒಂದು ವಾರದ ಬಳಿಕ ಅತ್ತೆ, ಎಂದರೆ ಅವರ ಹೆಂಡತಿ, ಫೋನ್ ಮಾಡಿ, ನಿನ್ನ ಅಪ್ಪ ಇದ್ದಿದ್ದರೆ ಹೀಗೆ ಮಾಡ್ತಿದ್ದರಾ ಎಂದು ಕೇಳಿದರು. ಗೋಡೆಯ ಮೇಲಿನ ರಿಮ್ಮುಗಳು ಮಾಯವಾಗಿವೆ ಎಂದು ಆ ಬೀದಿಯವರು ಹೇಳಿದರು. ಎಲ್ಲಿಗೆ ಹೋದವು ಎಂದು ಯಾರಿಗೂ ಗೊತ್ತಿರಲಿಲ್ಲ. ನಾನು ಆ ಕಡೆ ಹೋಗುವುದನ್ನು ಬಿಟ್ಟೆ. ಬೇರೆ ಕಡೆ ಚಕ್ರ ಬಿಚ್ಚಿಸುವಾಗಲೆಲ್ಲ ನನಗೆ ಅವರ ಕೈಯೇ ನೆನಪಾಗಿ, ಅದಕ್ಕೂ ಸಿಟ್ಟು ಬರುತ್ತಿತ್ತು.

ಹೋದ ವರ್ಷ ಮಾಮನಿಗೆ ಪಾರ್ಶ್ವವಾಯು ಹೊಡೆಯಿತು. ನಮ್ಮ ಆಸ್ಪತ್ರೆಗೇ ಕರೆತಂದರು. ಬೆಳಗಿನ ಪಟ್ಟಿಯಲ್ಲಿ ಅವರ ಹೆಸರು ನನ್ನ ಪಾಲಿಗೆ ಬಂದಿತ್ತು. ಬೇರೆಯವರಿಗೆ ವಹಿಸಬಹುದಿತ್ತು, ವಹಿಸಲಿಲ್ಲ. ಹನ್ನೆರಡು ದಿನ ಅವರ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಮಡಚಿ, ಮತ್ತೆ ಬಿಡಿಸಿದೆ. ಮಾತು ತೊದಲುತ್ತಿತ್ತು. ನನ್ನನ್ನು ನೋಡಿದ ಕೂಡಲೇ ಅವರ ಕಣ್ಣು ತುಂಬುತ್ತಿತ್ತು. ಒಂದು ದಿನ ಬಹಳ ಕಷ್ಟಪಟ್ಟು, ಗಾಳಿ ನೋಡಿಸಿದ್ದೀಯಾ ಎಂದು ಕೇಳಿದರು. ನನ್ನ ಕಾರಿನ ಟಯರಿನ ಗಾಳಿ. ನೋಡಿಸಿದ್ದೇನೆ ಎಂದು ಹೇಳಿ ಮುಖ ತಿರುಗಿಸಿದೆ.

ಆ ವಾರ್ಡು ಸಿಸ್ಟರ್‌ದೇ. ಮಾಮನ ಬಾಯಿ ತೊಳೆಸುವುದು, ಮಗ್ಗುಲು ಬದಲಿಸುವುದು, ಗಂಜಿ ಕುಡಿಸುವುದು ಎಲ್ಲವನ್ನೂ ಸಿಸ್ಟರ್ ಬೇರೆ ರೋಗಿಗಳಿಗೆ ಮಾಡುವಂತೆಯೇ, ಒಂದಿಷ್ಟೂ ಕಡಿಮೆ ಇಲ್ಲದೆ ಮಾಡಿದರು. ಮನೆಗೆ ಕಳಿಸುವ ದಿನ ಮಾಮ ಎಡಗೈ ಎತ್ತಿ ಅವರಿಗೆ ನಮಸ್ಕಾರ ಮಾಡಿ, ಯಾವ ಊರು ಮಗಾ ನಿನ್ನದು ಎಂದು ಕೇಳಿದರು. ಬಜಪೆ ಎಂದರು ಸಿಸ್ಟರ್. ಮಾಮ ಒಳ್ಳೆಯದಾಗಲಿ ಎನ್ನುವಂತೆ ತಲೆ ಆಡಿಸಿದರು. ಅಷ್ಟೆ.

ಸಿಸ್ಟರ್ ನನ್ನ ಹಿಂದೆಯೇ ಹೊರಗೆ ಬಂದರು.

"ಅವರಿಗೆ ನನ್ನ ಗುರುತೇ ಸಿಗಲಿಲ್ಲ ಮೇಡಂ" ಎಂದರು. "ಸ್ಟ್ರೋಕ್ ಆದದ್ದಕ್ಕೆ ಮರೆತದ್ದಾ?"

ಕಾಯಿಲೆಯಿಂದ ಅವರ ನೆನಪಿಗೆ ಏನೂ ಆಗಿರಲಿಲ್ಲ. ಅದು ಸಿಸ್ಟರ್‌ಗೂ ಗೊತ್ತಿತ್ತು. ಇರಬಹುದು ಎಂದೆ.

ಹತ್ತು ದಿನ ಕಳೆದು ಮಾಮ ಮನೆಯಲ್ಲೇ ತೀರಿಕೊಂಡರು. ಹೋಗದಿರಲು ಆಗಲಿಲ್ಲ. ಅಪ್ಪನಿಗಾಗಿ ಅಂದು ಅವರು ಮಾಡಿದ್ದನ್ನು, ಆಮೇಲೆ ಇಪ್ಪತ್ತು ವರ್ಷ ನನ್ನನ್ನು ರಸ್ತೆಯಲ್ಲಿ ಬೀಳದಂತೆ ನೋಡಿಕೊಂಡದ್ದನ್ನು ನಾನು ಇಲ್ಲ ಎನ್ನಲಾರೆ. ಆ ಋಣ ನನ್ನ ಮೇಲಿದೆ, ತೀರಿಸುವ ದಾರಿಯೂ ಇಲ್ಲ, ಸಂತೋಷದಿಂದ ಹೊರುವ ಮನಸ್ಸೂ ಇಲ್ಲ. ಅತ್ತೆ ನನ್ನನ್ನು ಕಂಡು ಹಳೆಯ ಸಿಟ್ಟನ್ನೆಲ್ಲ ಬಿಟ್ಟು ಎರಡೂ ಕೈ ಹಿಡಿದುಕೊಂಡರು. ನಿನ್ನನ್ನು ಕಂಡರೆ ಅವರಿಗೆ ಜೀವ, ನಿನಗೆ ಗೊತ್ತುಂಟಲ್ವಾ ಎಂದು ಅತ್ತರು.

"ಗೊತ್ತುಂಟು ಅತ್ತೆ" ಎಂದೆ.