ಮಬ್ಬು ಫೋಟೊಗಳ ಚಿಕ್ಕಬೋರಮ್ಮ

ಚಿಕ್ಕರಸಿನಕೆರೆಯ ಚಿಕ್ಕಬೋರಮ್ಮನ ಮುಂಗೈ ಮೇಲೊಂದು ಮಚ್ಚೆ ಎದ್ದಿದೆ. ಮದ್ದು ಹತ್ತುತ್ತಿದೆಯೇ ಎಂದು ನೋಡಲು ಪ್ರತಿ ಮಂಗಳವಾರ ಅದರ ಫೋಟೊವನ್ನು ಮಂಡ್ಯದ ಚರ್ಮದ ಡಾಕ್ಟರಿಗೆ ಕಳಿಸುವುದು ಆಶಾ ಕಾರ್ಯಕರ್ತೆ ಕವಿತಳ ಕೆಲಸ. ಚಿಕ್ಕಬೋರಮ್ಮನಿಗೋ ಫೋಟೊ ಎಂದರೆ ಮದುವೆಮನೆಯ ಸಡಗರ. ರೇಷ್ಮೆ ಸೀರೆ ಉಟ್ಟು, ಮುಖದಿಂದ ಮುಂಗೈವರೆಗೂ ಪೌಡರ್ ಬಳಿದುಕೊಂಡೇ ಬರುತ್ತಾಳೆ. "ಒರೆಸ್ಕಬುಡಜ್ಜಿ, ಮಚ್ಚೆನೇ ಕಾಣಕಿಲ್ಲ" ಎಂದು ಕವಿತ ಹೇಳಿದರೆ, "ಮೊಕ ಬುಟ್ಟು ಬರೀ ಕೈ ತೆಗುದ್ರೆ ಯಾರ್ದು ಅಂತ ಡಾಕ್ಟ್ರಿಗೆ ಎಂಗ್ ಗೊತ್ತಾಯ್ತದೆ ಕಣಮ್ಮ?" ಎಂದು ಇವಳನ್ನೇ ಗದರುತ್ತಾಳೆ. ಕವಿತಳ ತಲೆ ಕೆಡಿಸಿರುವುದು ಮಾತ್ರ ಬೇರೆಯದೇ. ಬೀದಿಯವರ ಸೂಜಿಗೆಲ್ಲ ಒಂದೇ ಸಲಕ್ಕೆ ದಾರ ಪೋಣಿಸಿಕೊಡುವ ಅಜ್ಜಿಯ ಕೈ, ಕವಿತ ಫೋನ್ ಎತ್ತಿದೊಡನೆ ಗಡಗಡ ನಡುಗಿ ಫೋಟೊವನ್ನೆಲ್ಲ ಮಬ್ಬು ಮಾಡುತ್ತದೆ. "ನಡುಕ ಕಣವ್ವ, ವಸಿ ಇಡ್ಕೊ" ಎನ್ನುತ್ತಾಳೆ ಮುದುಕಿ; ಕವಿತ ಹಿಡಿದುಕೊಂಡರೆ ತಟ್ಟನೆ ನಿಲ್ಲುತ್ತದೆ. ಇದೆಂಥ ನಡುಕವೋ ಕವಿತಳಿಗೆ ತಿಳಿಯದು. ಮಚ್ಚೆ ಅಂಟುವಂಥದ್ದಲ್ಲ ಎಂದು ಡಾಕ್ಟರು ಬರೆದದ್ದನ್ನು ಹೇಳಲು ಒಮ್ಮೆ ಅವಳ ಮನೆಗೇ ಹೋದಳು. ಆಗಷ್ಟೇ ಸೊಸೆ ನೀರಿನ ಲೋಟವನ್ನು ಅತ್ತೆಯ ಕೈಗೆ ಕೊಡದೆ, ನೆಲದ ಮೇಲಿಟ್ಟು ದೂರದಿಂದಲೇ ತಳ್ಳುತ್ತಿದ್ದಳು. ಚಿಕ್ಕಬೋರಮ್ಮ ಬಗ್ಗಿ ಎತ್ತಿಕೊಂಡಳು. ತುಂಬಿದ ಲೋಟದಿಂದ ಒಂದು ಹನಿಯೂ ಚೆಲ್ಲಲಿಲ್ಲ.