ಹುಣಸೆಹಣ್ಣಿನಲ್ಲಿ ತಿಕ್ಕಿದ ಪಿಸ್ತೂಲು

ಸಮಾಮಿಶ್‌ ಎಂಬ ಊರಿನಲ್ಲಿ ನಮ್ಮ ಪಕ್ಕದ ಮನೆಯ ಅಮೆರಿಕನ್ ಅಜ್ಜಿ ಒಂದು ದಿನ ಉಣ್ಣೆಯ ಕಾಲುಚೀಲದೊಳಗಿಂದ ಅಂಗೈಯಗಲದ ಪಿಸ್ತೂಲೊಂದನ್ನು ತೆಗೆದು ನನ್ನ ಕೈಗಿತ್ತರು. ತೀರಿಹೋದ ಗಂಡನದು.

"ಇದು ಯಾವ ಕಾಲದ್ದು, ಎಲ್ಲಿಯದು ಅಂತ ಪತ್ತೆ ಮಾಡಿಕೊಡು. ಆಮೇಲೆ ನಾನೊಂದು ಸಲ ಹಾರಿಸಬೇಕು. ಅವನಿದ್ದಾಗ ನನಗೆ ಮುಟ್ಟೋಕೇ ಬಿಡಲಿಲ್ಲ," ಎಂದರು.

ಅವರ ಗರಾಜಿನ ಬಾಗಿಲನ್ನು ಒಮ್ಮೆ ರಿಪೇರಿ ಮಾಡಿಕೊಟ್ಟ ಕಾರಣಕ್ಕೆ ನಾನು ಸಕಲ ಯಂತ್ರವಿಶಾರದನೆಂದು ಅವರು ನಂಬಿದ್ದರು. ಆ ನಂಬಿಕೆಗೆ ನಾನೂ ಅಡ್ಡಿ ಬಂದಿರಲಿಲ್ಲ. ನಮ್ಮ ವಂಶದಲ್ಲಿ ಈಳಿಗೆಮಣೆಗಿಂತ ಘೋರವಾದ ಆಯುಧವನ್ನು ಯಾರೂ ಹಿಡಿದವರಲ್ಲ. ಆದರೂ ಭೂತಗನ್ನಡಿ ಹಿಡಿದು ಗಂಭೀರವಾಗಿ ಕುಳಿತೆ. ನಳಿಗೆಯನ್ನು ತಿರುಪಿದರೆ ಬಾಟಲಿ ಮುಚ್ಚಳದಂತೆ ಕಳಚಿ ಬಂತು. ಮೇಲೆ ಸುತ್ತಿಗೆಯಂತೆ ಬಡಿಯುವ ಕುದುರೆಯನ್ನು ಹಿಂದಕ್ಕೆಳೆದಾಗ ಹೊಟ್ಟೆಯೊಳಗೆ ಅಡಗಿದ್ದ ಟ್ರಿಗರ್ ಕೆಳಗಿಳಿಯಿತು. ನಳಿಗೆಯ ಬುಡದಲ್ಲಿ ಮೊಟ್ಟೆಯಾಕಾರದ ಗೆರೆಯೊಳಗೆ ಪುಟ್ಟ ಅಕ್ಷರಗಳು: ಬೆಲ್ಜಿಯಂನ ಮುದ್ರೆ. ನೂರು ವರ್ಷಕ್ಕೂ ಹಿಂದೆ ಕೋಟಿನ ಜೇಬಿಗೆಂದು ಮಾಡಿದ, ಕಪ್ಪು ಮದ್ದು ತುಂಬಿ ಹಾರಿಸುವ, ಒಂದೇ ಗುಂಡಿನ ಅಗ್ಗದ ಪಿಸ್ತೂಲು. ಅಜ್ಜಿಗೆ ವರದಿ ಒಪ್ಪಿಸುವಾಗ 'ಅಗ್ಗದ' ಎಂಬ ಮಾತನ್ನು ನುಂಗಿಕೊಂಡೆ.

ಅದು ಇನ್ನೂ ನಮ್ಮಲ್ಲೇ ಇದ್ದಾಗ ಆಯುಧ ಪೂಜೆ ಬಂತು.

"ರೀ, ಪ್ರತಿ ವರ್ಷ ಮಿಕ್ಸಿಗೂ ಲ್ಯಾಪ್‌ಟಾಪಿಗೂ ಕುಂಕುಮ ಇಡ್ತೀವಿ. ನಿಜವಾದ ಆಯುಧ ಮನೇಲಿಟ್ಕೊಂಡು ಪೂಜೆ ಮಾಡದೆ ಬಿಟ್ರೆ ಚೆನ್ನಾಗಿರುತ್ತಾ?" ಎಂದಳು ಹೆಂಡತಿ.

ಮಾತು ಶಾಸ್ತ್ರಸಮ್ಮತವಾಗಿತ್ತು. ಆದರೆ ಪಿಸ್ತೂಲಿನ ಹಿತ್ತಾಳೆಯ ಮೈ ಕರಿಹಿಡಿದಿತ್ತು. ದೇವರ ಮುಂದೆ ಹಾಗೆ ಇಡುವುದುಂಟೆ? ಹುಣಸೆಹಣ್ಣು, ಉಪ್ಪು ಹಾಕಿ ನಾನೇ ತಿಕ್ಕಿದೆ. ದೇವರ ಮನೆಯ ದೀಪದ ಕಂಬದಂತೆ ಹೊಳೆಯಿತು. ಅಜ್ಜಿ ನೋಡಿ ಹಿಗ್ಗುತ್ತಾರೆಂದು ನಾನು ಮೊದಲೇ ಹಿಗ್ಗಿದೆ.

ಮುಂದಿನ ಶನಿವಾರ ಸ್ನೊಕ್ವಾಲ್ಮಿಯ ಆಚೆಗಿನ ಗುಂಡು ಹಾರಿಸುವ ಮೈದಾನಕ್ಕೆ ಮೂವರೂ ಹೋದೆವು. ಅಲ್ಲಿನ ಮೇಜಿನ ಮೇಲೆ ಪಿಸ್ತೂಲಿಟ್ಟಿದ್ದ ಡಬ್ಬಿ ತೆರೆದೆ. ಅಜ್ಜಿ ಬಗ್ಗಿ ನೋಡಿದರು.

"ಇದಲ್ಲ," ಎಂದರು. "ಅವನದು ಎಲ್ಲಿ?"

ಹೆಂಡತಿ ಪಕ್ಕದಿಂದ ತಿವಿದಳು. "ಹೇಳ್ರೀ. ಸುಮ್ನೆ ನಿಂತ್ರೆ ಬದಲಾಯಿಸಿಬಿಟ್ಟಿದೀರ ಅನ್ಕೊಳ್ತಾರೆ."

ನಳಿಗೆ ಬಿಚ್ಚಿ ಮುದ್ರೆ ತೋರಿಸಿದೆ. ಪೂಜೆಯ ಕಥೆ ಹೇಳಿದೆ. ಇಂಗ್ಲಿಷಿನಲ್ಲಿ ಅದು ಇನ್ನಷ್ಟು ಪೆದ್ದಾಗಿ ಕೇಳಿಸಿತು.

"ನಿಮ್ಮ ದೇವರಿಗೆ ಕೊಳೆ ಆಗಿಬರೋದಿಲ್ಲವಾ?" ಎಂದರು ಅಜ್ಜಿ. ಪಿಸ್ತೂಲನ್ನು ಕೈಗೆತ್ತಿಕೊಂಡು ಹೇಳಿದರು: "ಟಿವಿ ನೋಡುವಾಗ ಇದನ್ನು ಕೈಯಲ್ಲಿ ಹಿಡಿದು ಹೆಬ್ಬೆರಳಿಂದ ಉಜ್ಜುತ್ತಾ ಕೂತಿರುತ್ತಿದ್ದ. ಮೈಯೆಲ್ಲ ಕಪ್ಪು, ಆ ಬೆರಳಿನ ಜಾಗ ಒಂದೇ ಹೊಳೆಯುತ್ತಿತ್ತು."

ಈಗ ಎಲ್ಲವೂ ಹೊಳೆಯುತ್ತಿತ್ತು.

ಮೈದಾನದ ಉಸ್ತುವಾರಿಯವನು ಚಿಟಿಕೆ ಮದ್ದು ಸುರಿದು, ಬಟಾಣಿಯಷ್ಟು ಸೀಸದ ಗುಂಡಿಟ್ಟು, ನಳಿಗೆ ತಿರುಪಿ, ಸಿಡಿಯುವ ಕ್ಯಾಪು ಕೂರಿಸಿ ಕೊಟ್ಟ. ಅಜ್ಜಿ ಎರಡೂ ಕೈಯಲ್ಲಿ ಹಿಡಿದು ಹಾರಿಸಿದರು. ಇಷ್ಟು ಚಿಕ್ಕದರಿಂದ ಅಷ್ಟೊಂದು ಬಿಳಿ ಹೊಗೆ ಬರುತ್ತದೆಂದು ನಾನು ಎಣಿಸಿರಲಿಲ್ಲ. ಕೊಳೆತ ಮೊಟ್ಟೆಯ ವಾಸನೆ. ಹೊಗೆ ಸರಿದಾಗ ಗುರಿಯ ಕಾಗದ ಅಕ್ಷತವಾಗಿ ನಿಂತಿತ್ತು. ಅದನ್ನು ಅಜ್ಜಿ ನೋಡಲೂ ಇಲ್ಲ. ಪಿಸ್ತೂಲನ್ನು ಆಚೀಚೆ ತಿರುಗಿಸುತ್ತಿದ್ದರು.

"ತಿಕ್ಕಿದವನು ನೀನು. ಆ ಜಾಗ ನೋಡಿರಲೇಬೇಕು. ಎಲ್ಲಿತ್ತು?"

ಮುದ್ರೆಯ ಒಂದೊಂದು ಅಕ್ಷರ ನನಗೆ ನೆನಪಿತ್ತು. ಇದು ನೆನಪಿರಲಿಲ್ಲ. ಅವರ ಮುಖ ನೋಡಿ, ಕುದುರೆಯ ಹಿಂದೆ ಎಡಕ್ಕೆ ಬೆರಳಿಟ್ಟು "ಇಲ್ಲಿ" ಎಂದೆ. ಅಜ್ಜಿ ಅಲ್ಲಿ ತಮ್ಮ ಹೆಬ್ಬೆರಳನ್ನು ಊರಿದರು. ಮನೆ ತಲುಪುವವರೆಗೂ ತೆಗೆಯಲಿಲ್ಲ.